ಕರಿಕಲ್ಲಿನ ಮಗ್ಗುಲ ಬೆಚ್ಚನೆ ನೀರು

ಹೋದ ತಿಂಗಳು ಶೆಟ್ಟಿಹಳ್ಳಿಯ ನಮ್ಮ ಬೀದಿಗೆ ಬೋರ್‌ವೆಲ್ ಲಾರಿ ಬಂದು ನಿಂತಿತು. ಪಕ್ಕದ ಖಾಲಿ ಸೈಟಿನವರು ಮನೆ ಕಟ್ಟಿಸುತ್ತಾರಂತೆ, ಅದಕ್ಕೆ ಮೊದಲು ನೀರು ಬೇಕಂತೆ. ಬೆಳಗ್ಗೆ ಎಂಟಕ್ಕೆಲ್ಲ ಕಂಪ್ರೆಸರ್ ಗುಡುಗಲು ಶುರುವಾಯಿತು. ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಬೂದಿ ಬಳಿದ ಹಾಗಾಯಿತು. ಎದುರು ಮನೆಯಾಕೆ ಒಣಗಲು ಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು, ಲಾರಿಯವರ ವಂಶವನ್ನೆಲ್ಲ ಬೈಯುತ್ತಾ ಒಳಗೆ ಓಡಿದರು. ನಮ್ಮ ಮನೆಯವರು ಕಿಟಕಿ ಮುಚ್ಚು ಅಂತ ಒಳಗಿನಿಂದ ಕೂಗಿದರು. ನಾನು ಮುಚ್ಚಲಿಲ್ಲ. ಸರಳು ಹಿಡಿದುಕೊಂಡು ನಿಂತೇ ಇದ್ದೆ.

ಆ ವಾಸನೆ ನಿಮಗೂ ಗೊತ್ತಿರಬಹುದು. ನೆಲದೊಳಗೆ ಮುನ್ನೂರು ನಾನೂರು ಅಡಿ ಕೆಳಗೆ ಅರೆದ ಕಲ್ಲಿನ ಹಿಟ್ಟು ಬಿಸಿಬಿಸಿಯಾಗಿ ಮೇಲೆ ಬರುತ್ತದಲ್ಲ, ಆಗ ರಾಗಿ ಮಿಲ್ಲಿನ ಮುಂದೆ ನಿಂತ ಹಾಗಿರುತ್ತದೆ. ಅದಕ್ಕೆ ಡೀಸೆಲ್ ಹೊಗೆ ಸೇರಿಕೊಂಡಿರುತ್ತದೆ. ಎಂಟು ವರ್ಷದ ಹಿಂದೆ ಒಂದು ಹಗಲೆಲ್ಲ ನಾನು ಆ ವಾಸನೆಯಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲಿ ಕಣ್ಣಿನ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಮೇಷ್ಟ್ರು ನಿಂತಿದ್ದರು... ಆ ದಿನದ ವಿಷಯವನ್ನು ನಾನು ಹೋದ ತಿಂಗಳವರೆಗೆ ಯಾರಿಗೂ ನೆಟ್ಟಗೆ ಹೇಳಿರಲಿಲ್ಲ. ಈಗ ಹೇಳಿ ಯಾರಿಗೂ ಏನೂ ಆಗಬೇಕಾಗಿಲ್ಲ. ಆದರೂ ಹೇಳುತ್ತೇನೆ.

ಮೇಷ್ಟ್ರು ತುಮಕೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ನಾನು ಡಿಗ್ರಿಯಲ್ಲಿ ಅವರ ವಿದ್ಯಾರ್ಥಿನಿ. ಎಂ.ಎಸ್ಸಿ. ಮುಗಿಸಿಕೊಂಡು ಬಂದಮೇಲೆ ಅದೇ ವಿಭಾಗದಲ್ಲಿ ಗೆಸ್ಟ್ ಲೆಕ್ಚರರ್ ಆದೆ. ವಿಭಾಗ ಅಂದರೆ ಏನು, ಅವರು, ನಾನು, ಗಾಜಿನ ಬೀರುವಿನ ತುಂಬ ಕಲ್ಲುಗಳು, ಅಷ್ಟೇ. ಮಕ್ಕಳೆಲ್ಲ ಕಾಮರ್ಸು ಕಂಪ್ಯೂಟರು ಅಂತ ಹೊರಟುಹೋಗಿ ಕೊನೆಗೆ ನಮ್ಮ ಕ್ಲಾಸಿನಲ್ಲಿ ಏಳು ಜನ ಉಳಿದಿದ್ದರು. ವಿಭಾಗವನ್ನು ಮುಚ್ಚುತ್ತಾರೆ ಎಂಬ ಮಾತು ಪ್ರತಿ ವರ್ಷ ಬರುತ್ತಿತ್ತು, ಪ್ರತಿ ವರ್ಷ ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಜಗಳ ಆಡಿ ಉಳಿಸಿಕೊಂಡು ಬರುತ್ತಿದ್ದರು. ಕುಳ್ಳಗೆ ಇದ್ದರು, ಮೂಗಿನ ತುದಿಯಲ್ಲೇ ಕೋಪ. ಇನ್ನೆರಡು ವರ್ಷಕ್ಕೆ ರಿಟೈರ್ ಆಗುವವರು ಹುಡುಗರಿಗಿಂತ ಮುಂದೆ ಗುಡ್ಡ ಹತ್ತುತ್ತಿದ್ದರು.

ಪ್ರತಿ ವರ್ಷದ ಮೊದಲ ಪ್ರವಾಸ ದೇವರಾಯನದುರ್ಗಕ್ಕೆ. ಹುಡುಗರಿಗೆ ದೇವಸ್ಥಾನ, ಕಾಡು, ಕೋತಿ ಎಲ್ಲ ಬೇಕು. ಮೇಷ್ಟ್ರು ಮಾತ್ರ ನಾಮದ ಚಿಲುಮೆಯಲ್ಲಿ ಬಂಡೆಯ ತೂತಿನಿಂದ ನೀರು ಉಕ್ಕುವ ಕಡೆ ಎಲ್ಲರನ್ನೂ ಕುಕ್ಕರುಗಾಲಲ್ಲಿ ಕೂರಿಸಿ, ಈ ನೀರು ಎಲ್ಲಿಂದ ಬಂತು ಹೇಳಿ ಅನ್ನುತ್ತಿದ್ದರು. ಯಾರಿಗೂ ಬರುತ್ತಿರಲಿಲ್ಲ. ಆಗ ಅವರ ಪಾಠ ಶುರು.

"ಮನೇಲಿ ತಾರಸಿ ಸೋರೋದು ನೋಡಿದೀರೇನ್ರೋ? ಮಳೆನೀರು ನಿಂತಿರೋದು ಒಂದ್ಕಡೆ, ಬಲ್ಬಿನ ಹತ್ರ ತೊಟ್ಟಿಕ್ಕೋದು ಇನ್ನೊಂದ್ಕಡೆ. ಯಾಕೆ? ಮಧ್ಯದಲ್ಲಿ ಬಿರುಕು ಹೆಂಗೆ ಹೋಗೈತೋ ನೀರೂ ಹಂಗೇ ಹೋಗ್ತದೆ. ನೀರಿಗೆ ಸ್ವಂತ ಬುದ್ಧಿ ಇಲ್ಲ ಕಣ್ರೋ, ಕಲ್ಲು ಹೇಳ್ದಂಗೆ ಕೇಳ್ತದೆ."

ಆಮೇಲೆ ಅವರ ಪ್ರೀತಿಯ ವಿಷಯಕ್ಕೆ ಬರುತ್ತಿದ್ದರು. ನಮ್ಮ ಕಡೆಯ ನೆಲದಡಿ ಬಹುಪಾಲು ಬೂದುಬಣ್ಣದ ಬಂಡೆ. ಎಂದೋ ಒಂದು ಕಾಲದಲ್ಲಿ ಆ ಬಂಡೆಯನ್ನು ಸೀಳಿಕೊಂಡು ಕೆಳಗಿನಿಂದ ಕುದಿಯುವ ಶಿಲಾರಸ ನುಗ್ಗಿ, ತಣ್ಣಗಾಗಿ, ಕರಿಕಲ್ಲಿನ ಉದ್ದನೆಯ ಗೋಡೆಗಳಾಗಿ ನಿಂತಿದೆ. ನಾವು ಅದನ್ನು ಡೈಕ್ ಅನ್ನುತ್ತೇವೆ, ಹಳ್ಳಿಗಳಲ್ಲಿ ಕರಿಕಲ್ಲಿನ ಸಾಲು ಅನ್ನುತ್ತಾರೆ. ಗೋಡೆ ಗಟ್ಟಿ, ನೀರನ್ನು ಅಡ್ಡ ದಾಟಲು ಬಿಡುವುದಿಲ್ಲ. ಆದರೆ ಗೋಡೆ ಮತ್ತು ಬಂಡೆ ಸೇರುವ ಮಗ್ಗುಲಿದೆಯಲ್ಲ, ಅಲ್ಲಿ ಕಲ್ಲು ಜಜ್ಜಿ ಸೀಳುಸೀಳಾಗಿರುತ್ತದೆ. ದಾಟಲಾಗದ ನೀರು ಆ ಮಗ್ಗುಲು ಹಿಡಿದು ಕೆಳಗಿಳಿಯುತ್ತದೆ. ಇಳಿದಷ್ಟೂ ನೆಲ ಬಿಸಿ, ನೀರೂ ಕಾಯುತ್ತದೆ. ಕಾದ ನೀರು ಹಗುರಾಗಿ ಇನ್ನೊಂದು ಕಡೆ ಅದೇ ಮಗ್ಗುಲು ಹಿಡಿದು ಮೇಲೆ ಬರುತ್ತದೆ. ದೇಶದಲ್ಲಿ ಬಿಸಿನೀರಿನ ಬುಗ್ಗೆಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಹೀಗೆ ಕಲ್ಲು ಮಾಡಿಕೊಟ್ಟ ದಾರಿಯೊಂದು ಇದ್ದೇ ಇರುತ್ತದೆ. ನಮ್ಮ ತುಮಕೂರಿನ ಕಡೆ ಅಂಥದ್ದು ಎಲ್ಲಿದೆ ಸಾರ್ ಅಂತ ಯಾರಾದರೂ ಕೇಳಿದರೆ ಅವರ ಮುಖ ಅರಳುತ್ತಿತ್ತು. ಇದೆ ಕಣಮ್ಮ, ಇದೆ, ಅನ್ನುತ್ತಿದ್ದರು.

ಅವರು ಹೇಳುತ್ತಿದ್ದದ್ದು ಗುಬ್ಬಿ ತಾಲ್ಲೂಕಿನಲ್ಲಿ ಸಿ.ಎಸ್. ಪುರದ ಕಡೆಯ ಒಂದು ಸಣ್ಣ ಊರಿನ ವಿಷಯ. ಆ ಊರಿನ ಪಕ್ಕ ಒಂದು ಬೋಳುಗುಡ್ಡ, ಅದರ ನೆತ್ತಿಯ ಮೇಲೆ ಮೂವತ್ತು ಹೆಜ್ಜೆಯಷ್ಟು ಉದ್ದಕ್ಕೆ ಕರಿಕಲ್ಲು ತಲೆ ಎತ್ತಿದೆ. ಆಮೇಲೆ ಅದು ಮಣ್ಣಿನಡಿ ಹೋಗಿಬಿಡುತ್ತದೆ. ಕೆಳಗೆ ರಸ್ತೆ ಬದಿಯಲ್ಲಿ ಹಿಂದೆ ಒಂದು ಬೋರಿಂಗ್ ಪಂಪು ಇತ್ತು. ಹೆಚ್ಚು ಆಳದ್ದಲ್ಲ. ಆದರೂ ಮಾಗಿಯ ಚಳಿಯಲ್ಲಿ ಅದರ ನೀರು ಕಾಸಿದ ಹಾಗೆ ಬೆಚ್ಚಗೆ ಬರುತ್ತಿತ್ತಂತೆ. ಮೇಷ್ಟ್ರು ಇಪ್ಪತ್ತು ವರ್ಷ ತಿಂಗಳಿಗೊಂದು ಸಲ ಅಲ್ಲಿಗೆ ಹೋಗಿ ಥರ್ಮಾಮೀಟರ್ ಹಿಡಿದಿದ್ದರು. ಗುಬ್ಬಿಯಲ್ಲಿ ಇಳಿದು ಇನ್ನೊಂದು ಬಸ್ಸು, ಅಲ್ಲಿಂದ ಎರಡು ಮೈಲಿ ನಡಿಗೆ. ನಮ್ಮ ಹಾಗೆ ಮನೆಗೆ ಬಂದು ಬರೆದುಕೊಳ್ಳುವವರಲ್ಲ, ಪಂಪಿನ ಪಕ್ಕದ ಕಟ್ಟೆಯ ಮೇಲೇ ಕೂತು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಆಮೇಲೆ ರಸ್ತೆ ಅಗಲ ಮಾಡುವಾಗ ಪಂಪು ಕಿತ್ತು, ತೂತಿಗೆ ಜಲ್ಲಿ ತುಂಬಿ, ಮೇಲೆ ಡಾಂಬರು ಹಾಕಿದರು. ಮೇಷ್ಟ್ರ ಹತ್ತಿರ ಉಳಿದದ್ದು ನೋಟುಬುಕ್ಕುಗಳು ಮಾತ್ರ. ಅವುಗಳನ್ನು ತೋರಿಸಿದ ಕಡೆಯಲ್ಲೆಲ್ಲ ಬಿಸಿಲಿಗೆ ಕಾದ ಪೈಪಿರಬೇಕು ಬಿಡಿ ಅಂತ ನಗುತ್ತಿದ್ದರು.

ಕಡೆಗೆ ಒಂದು ಸಣ್ಣ ಯೋಜನೆಯಲ್ಲಿ ಒಂದು ತೂತು ಕೊರೆಸಲು ಒಪ್ಪಿಗೆ ಸಿಕ್ಕಿತು. ಒಂದೇ ಒಂದು ತೂತು, ಒಂದು ದಿನ, ಇಷ್ಟೇ ಆಳ. ಊರಿನವರು ಗೋಮಾಳದಲ್ಲಿ ಜಾಗ ಕೊಟ್ಟರು. ಬೆಚ್ಚನೆ ನೀರು ಸಿಕ್ಕಿದರೆ ಮುಂದೆ ದೊಡ್ಡ ಯೋಜನೆ, ಅದು ಬಂದರೆ ವಿಭಾಗ ಮುಚ್ಚುವ ಮಾತೇ ಇಲ್ಲ ಅಂತ ಪ್ರಿನ್ಸಿಪಾಲರೇ ಹೇಳಿದರು. ಸಿಕ್ಕದಿದ್ದರೆ ಏನು ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಗೋಮಾಳದಲ್ಲಿ ಕರಿಕಲ್ಲು ಕಾಣುವುದಿಲ್ಲ. ಗುಡ್ಡದ ಮೇಲೆ ಕಾಣುವ ಮೂವತ್ತು ಹೆಜ್ಜೆಯ ದಿಕ್ಕನ್ನು ಅಳೆದು, ಆ ಗೆರೆಯನ್ನೇ ನಾನೂರು ಮೀಟರ್ ಮುಂದಕ್ಕೆ ಎಳೆದು, ಮಣ್ಣಿನಡಿ ಗೋಡೆಯ ಮಗ್ಗುಲು ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಬೇಕು. ಆ ಮಗ್ಗುಲು ಐದಾರು ಮೀಟರ್ ಅಗಲ ಇದ್ದರೆ ಹೆಚ್ಚು. ಮೇಷ್ಟ್ರ ಹತ್ತಿರ ಇದ್ದ ದಿಕ್ಕಿನ ಹಳೆಯ ಅಳತೆ ರಸ್ತೆಯ ಕಡೆಯದ್ದು, ಅಲ್ಲಿಯ ಕಲ್ಲನ್ನು ಯಾವತ್ತೋ ಒಡೆದು ಜಲ್ಲಿ ಮಾಡಿದ್ದರು. ಗುಡ್ಡದ ಮೇಲೆ ಬಂದಾಗ ಗೋಡೆ ಸ್ವಲ್ಪ ತಿರುಗುತ್ತದೆ ಅಂತ ಅವರಿಗೆ ಗುಮಾನಿ ಇತ್ತು. ಅದಕ್ಕೇ ಹೊಸದಾಗಿ ಅಳೆಯಬೇಕಾಗಿತ್ತು.

ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಆಪರೇಷನ್ ಆಗಿತ್ತು, ಇನ್ನೊಂದು ಆಗಬೇಕಿತ್ತು. ಕಂಪಾಸಿನ ಸಣ್ಣ ಅಂಕಿಗಳು ಅವರಿಗೆ ಕಾಣುತ್ತಿರಲಿಲ್ಲ. ರಿಗ್ ಲಾರಿ ಸಿಗುವ ದಿನ ಗೊತ್ತಾಗಿ ಹೋಗಿತ್ತು, ಮುಂದೆ ಹಾಕುವ ಹಾಗಿರಲಿಲ್ಲ. "ನೀನಿದ್ದೀಯಲ್ಲಮ್ಮ, ನಿನ್ ಕಣ್ಣೇ ನನ್ ಕಣ್ಣು ಅಂದ್ಕೋತೀನಿ" ಅಂದರು.

ಕರಿಕಲ್ಲನ್ನು ಅಳೆಯುವುದರಲ್ಲಿ ಒಂದು ತೊಡಕಿದೆ. ಆ ಕಲ್ಲಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಕಂಪಾಸನ್ನು ಅದರ ಮೇಲಿಟ್ಟರೆ ಮುಳ್ಳನ್ನು ಎಳೆದುಬಿಡುತ್ತದೆ. ಅದಕ್ಕೆ ಮೇಷ್ಟ್ರು ಒಂದು ಕ್ರಮ ಮಾಡಿದ್ದರು. ಸುತ್ತಿಗೆಯನ್ನು ಮೊದಲು ದೂರ ಇಟ್ಟು ಬರಬೇಕು. ಕಲ್ಲಿನ ಸಾಲಿನ ಎರಡು ತುದಿಗೆ ಗೂಟ ಹೊಡೆದು ಬಿಳಿ ದಾರ ಕಟ್ಟಬೇಕು. ಇಪ್ಪತ್ತು ಹೆಜ್ಜೆ ಆಚೆ, ಬೂದು ಬಂಡೆಯ ಮೇಲೆ, ಮೊದಲ ದಾರಕ್ಕೆ ಸಮವಾಗಿ ಇನ್ನೊಂದು ದಾರ ಎಳೆಯಬೇಕು. ಕಂಪಾಸು ಇಡುವುದು ಆ ಎರಡನೇ ದಾರದ ಮೇಲೆ. ಅದೂ ಮೂರು ಸಲ. ನಮಗೆಲ್ಲ ಇದು ಮಡಿ ಮಾಡಿದ ಹಾಗೆ ಕಾಣುತ್ತಿತ್ತು, ಹಿಂದೆ ಆಡಿಕೊಂಡು ನಗುತ್ತಿದ್ದೆವು. ನಗುವುದರಲ್ಲಿ ನಾನೇ ಮುಂದು.

ಏಪ್ರಿಲ್ ತಿಂಗಳ ಬಿಸಿಲು. ಮೇಷ್ಟ್ರನ್ನು ಗುಡ್ಡದ ಕೆಳಗೆ ಹೊಂಗೆ ಮರದ ನೆರಳಲ್ಲಿ ಕೂರಿಸಿ ನಾನೊಬ್ಬಳೇ ಹತ್ತಿದೆ. ಮೇಲೆ ಹೋಗಿ ನೋಡಿದರೆ ದಾರ ಎಳೆಯಬೇಕಾದ ಜಾಗದ ತುಂಬ ಲಂಟಾನ, ಜಾಲಿ ಮುಳ್ಳು. ನುಗ್ಗಲು ಹೋದೆ, ಚೂಡಿದಾರ ಹರಿಯಿತು, ಮೊಣಕೈ ಗೀರಿತು. ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಒಂದೂವರೆಯ ಬಸ್ಸು ತಪ್ಪಿದರೆ ಆಮೇಲೆ ನಾಲ್ಕೂವರೆಗೆ. ಸಾಕಪ್ಪಾ ಅನ್ನಿಸಿತು. ಗೂಟಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಕರಿಕಲ್ಲಿನ ಮೇಲೆ ಕೂತು, ಕಂಪಾಸನ್ನು ಆ ಕಲ್ಲಿನ ಮೇಲೇ ಇಟ್ಟು, ಒಂದು ಸಲ ನೋಡಿ, ಬರೆದುಕೊಂಡೆ.

ಕೆಳಗಿನಿಂದ ಕೂಗು ಕೇಳಿಸಿತು. "ದಾರ ಕಟ್ಟಿದ್ಯೇನಮ್ಮಾ?"

"ಕಟ್ಟಿದೀನಿ ಸಾರ್."

"ಮೂರು ಸಲ ನೋಡಿದ್ಯಾ?"

"ನೋಡಿದೀನಿ ಸಾರ್. ಮೂರೂ ಒಂದೇ ಬಂತು."

ಮೂರೂ ಒಂದೇ ಬಂತು ಅಂತ ಯಾಕೆ ಸೇರಿಸಿದೆನೋ... ಅವರು ಅದನ್ನು ಕೇಳಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಕೆಳಗೆ ಬಂದು ಅಂಕಿ ಹೇಳಿದಾಗ ಅವರು ತೊಡೆ ತಟ್ಟಿಕೊಂಡು ಎದ್ದು ನಿಂತರು. ಹಳೆಯ ಅಳತೆಗೂ ಇದಕ್ಕೂ ಎಂಟು ಡಿಗ್ರಿ ವ್ಯತ್ಯಾಸ. "ನೋಡಿದ್ಯಾ! ತಿರುಗೈತೆ ಅಂತ ಹೇಳಿರ್ಲಿಲ್ವೇನೇ ನಾನು!" ಅಂತ ಕೂಗಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಕೈ ಗೀರಿದ್ದು ನೋಡಿ ಪಾಪ ಎಷ್ಟು ಕಷ್ಟಪಟ್ಟಿದ್ದೀಯಾ ಅಂದರು. ನಾನು ಪರವಾಗಿಲ್ಲ ಸಾರ್ ಅಂದೆ.

ಕೊರೆಯುವ ದಿನ ಊರೇ ಸೇರಿತ್ತು. ಮೇಷ್ಟ್ರು ಗುರುತು ಮಾಡಿದ ಜಾಗಕ್ಕೆ ಊರಿನ ಅಜ್ಜಿಯೊಬ್ಬರು ಅರಿಶಿನ ಕುಂಕುಮ ಹಾಕಿ, ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದರು. ಮಾಮೂಲಿಯಾಗಿ ಇಂಥದ್ದಕ್ಕೆಲ್ಲ ಮೂಗು ಮುರಿಯುವ ಮೇಷ್ಟ್ರು ಅವತ್ತು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು. ಆಮೇಲೆ ಕಂಪ್ರೆಸರ್ ಶುರುವಾಯಿತು. ಮೊದಲು ಕೆಂಪು ಮಣ್ಣು, ಆಮೇಲೆ ಬೂದು ಹಿಟ್ಟು. ಐದು ನಿಮಿಷಕ್ಕೊಮ್ಮೆ ಮೇಷ್ಟ್ರು ಒಂದು ಹಿಡಿ ಹಿಟ್ಟು ಹಿಡಿದು, ಕನ್ನಡಕ ಎತ್ತಿ, ಕಣ್ಣಿನ ಹತ್ತಿರ ತಂದು ತಿಕ್ಕಿ ನೋಡುತ್ತಿದ್ದರು. ಡಾಕ್ಟರು ಧೂಳು ತಾಗಿಸಬೇಡಿ ಅಂದಿದ್ದಾರೆ ಸಾರ್ ಅಂದರೆ ಕೇಳುತ್ತಿರಲಿಲ್ಲ. ಇನ್ನೂರು ಅಡಿಗೆ ಕರಿ ಚೂರು ಕಾಣಬೇಕು, ಅದರ ಮಗ್ಗುಲಲ್ಲೇ ನೀರು ಅಂತ ಅವರ ಲೆಕ್ಕ. ಇನ್ನೂರು ಆಯಿತು. ಮುನ್ನೂರು ಆಯಿತು. ರಾಡಿನ ಮೇಲೆ ರಾಡು ಇಳಿಯುತ್ತಲೇ ಇತ್ತು, ಮೇಲೆ ಬರುವುದು ಅದೇ ಬೂದು ಹಿಟ್ಟು.

ಮಧ್ಯಾಹ್ನದ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಒಪ್ಪಿಕೊಂಡ ಆಳ ಮುಗಿದಾಗ ಲಾರಿಯ ಡ್ರೈವರ್ ಮುಖ ಒರೆಸಿಕೊಳ್ಳುತ್ತಾ ಬಂದ. "ಬರೀ ಪೌಡರೇ ಸಾರ್, ತೇವಾನೂ ಇಲ್ಲ. ಸಾಕಲ್ವಾ?" ಅಂದ. ಇನ್ನೆರಡು ರಾಡು ಹಾಕಪ್ಪ ಅಂತ ಮೇಷ್ಟ್ರು ಕೇಳಿಕೊಂಡರು. ಜಗಳ ಆಡಿ ಕೇಳುವ ಮನುಷ್ಯ ಅವತ್ತು ಬೇಡಿ ಕೇಳಿದರು. ಅವನು ಕನಿಕರದಿಂದ ಹಾಕಿದ. ಅದರಲ್ಲೂ ಏನೂ ಬರಲಿಲ್ಲ.

ಅವರಿಗೆ ಮೈಯೆಲ್ಲ ಹಿಟ್ಟು, ರೆಪ್ಪೆಯ ಮೇಲೂ ಹಿಟ್ಟು. ಡ್ರೈವರಿಗೆ ಥ್ಯಾಂಕ್ಸ್ ಹೇಳಿ, ಟವೆಲ್ ಕೊಡವಿ, ಬಸ್ಸಿಗೆ ನಡೆದರು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಮೇಲೆ "ಕಾಫಿ ಕುಡಿಯಮ್ಮ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು" ಅಂದರು. ನನಗೆ ಅಳು ಬಂತು. ಆಗಿನ್ನೂ ನನಗೆ ನನ್ನ ತಪ್ಪು ಹೊಳೆದಿರಲಿಲ್ಲ, ಅವರ ಪಾಡು ನೋಡಿ ಅತ್ತೆ. ದೇವರಾಣೆಗೂ ಹೊಳೆದಿರಲಿಲ್ಲ... ಅಥವಾ ಹೊಳೆದದ್ದನ್ನು ಅದುಮಿಕೊಂಡಿದ್ದೆನೋ, ಈಗ ಹೇಳಲಾರೆ.

ಮಾರನೇ ವಾರ ಅವರು ಕ್ಲಾಸಿನಲ್ಲಿ ನಿಂತು ಏಳು ಜನ ಹುಡುಗರಿಗೆ ಹೇಳಿದ ಮಾತನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿದೆ. "ಆ ಬೆಚ್ಚನೆ ನೀರಿನ ಪಾಠ ಬರ್ಕೊಂಡಿದ್ದೀರಲ್ಲ, ಅದನ್ನ ಹೊಡೆದುಹಾಕಿ. ಅದು ತಪ್ಪು. ಕಲ್ಲು ತಪ್ಪು ಹೇಳಲ್ಲ, ನಾನೇ ತಪ್ಪು ತಿಳ್ಕೊಂಡಿದ್ದೆ." ಹುಡುಗರು ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದರು. ಆ ಸಲ ಪ್ರಿನ್ಸಿಪಾಲರ ಕೋಣೆಗೆ ಅವರು ಜಗಳಕ್ಕೆ ಹೋಗಲಿಲ್ಲ.

ಎರಡು ತಿಂಗಳು ಬಿಟ್ಟು, ಊರಿನವರ ಮನೆಯಲ್ಲಿ ಬಿಟ್ಟುಬಂದಿದ್ದ ಟೇಪು, ಚೀಲ ತರಲು ನಾನೊಬ್ಬಳೇ ಹೋದೆ. ಮಳೆ ಬಂದು ಹಸಿರಾಗಿತ್ತು. ಯಾರೋ ಸೌದೆಗೆಂದು ಗುಡ್ಡದ ಮೇಲಿನ ಜಾಲಿ, ಲಂಟಾನ ಎಲ್ಲ ಕಡಿದುಕೊಂಡು ಹೋಗಿದ್ದರು. ಬೂದು ಬಂಡೆ ಬಟಾಬಯಲಾಗಿತ್ತು. ಚೀಲದಲ್ಲಿ ಗೂಟ ಇತ್ತು, ದಾರ ಇತ್ತು, ಕಂಪಾಸೂ ಇತ್ತು. ಸುತ್ತಿಗೆ ದೂರ ಇಟ್ಟೆ, ಗೂಟ ಹೊಡೆದೆ, ಎರಡು ದಾರ ಎಳೆದೆ. ಮೂರು ಸಲ ನೋಡಿದೆ. ಮೂರೂ ಒಂದೇ ಬಂತು, ಈ ಸಲ ನಿಜವಾಗಿ. ಗೋಡೆ ತಿರುಗಿಯೇ ಇರಲಿಲ್ಲ. ಮೇಷ್ಟ್ರ ಹಳೆಯ ಅಳತೆಯ ದಿಕ್ಕಿನಲ್ಲೇ ನೆಟ್ಟಗೆ ಹೋಗುತ್ತಿತ್ತು. ಎಂಟು ಡಿಗ್ರಿ ತಿರುಗಿದ್ದು ಮುಳ್ಳು. ನಾನೂರು ಮೀಟರ್ ದೂರಕ್ಕೆ ಎಂಟು ಡಿಗ್ರಿ ಅಂದರೆ ಐವತ್ತು ಮೀಟರಿಗಿಂತ ಹೆಚ್ಚು. ನಾವು ಕೊರೆದದ್ದು ಗೋಡೆಯ ಮಗ್ಗುಲನ್ನಲ್ಲ, ಬರೀ ಬಂಡೆಯ ಹೊಟ್ಟೆಯನ್ನು.

ಹೇಳಿಬಿಡಬೇಕು ಅಂತಲೇ ಬಸ್ಸು ಹತ್ತಿದೆ. ಸತ್ಯವಾಗಿ. ತುಮಕೂರಿನವರೆಗೂ ಮಾತುಗಳನ್ನು ಜೋಡಿಸಿಕೊಂಡೆ. ಸಾರ್, ದಾರ ಕಟ್ಟಿರಲಿಲ್ಲ. ಸಾರ್, ಸುಳ್ಳು ಹೇಳಿದ್ದೆ. ಸೀದಾ ಅವರ ಮನೆಗೆ ಹೋದೆ. ವಿಭಾಗ ಮುಚ್ಚುವ ಆದೇಶ ಬಂದು ಮೂರು ದಿನವಾಗಿತ್ತು, ನನ್ನ ಕೆಲಸವೂ ಅದರ ಜೊತೆ ಹೋಗಿತ್ತು. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ, ನಾನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಒಂದು ಕವರ್ ತಂದರು. ಕುಣಿಗಲ್‌ನ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಕೆಲಸ ಖಾಲಿ ಇದೆ, ಅಲ್ಲಿಯವರು ನನಗೆ ಪರಿಚಯ, ಈ ಕಾಗದ ಕೊಡು ಅಂದರು. ಬಿಚ್ಚಿ ಓದಿದೆ. ಅವರ ಗುಂಡು ಅಕ್ಷರ. ಈಕೆ ಅಳತೆಯಲ್ಲಿ ಎಂದೂ ತಪ್ಪದವಳು, ಕಣ್ಣು ಮುಚ್ಚಿ ನಂಬಬಹುದು ಅಂತ ಬರೆದಿದ್ದರು.

ಕಾಗದ ಮಡಿಸಿ ಮತ್ತೆ ಕವರಿನೊಳಗೆ ಇಟ್ಟೆ. ಕೆಲಸದ ಆಸೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಕೋಪಕ್ಕೆ ಹೆದರಿದೆ. ಆ ಮುಖ ನನ್ನ ಮೇಲೆ ಕೆಂಪಾಗುವುದನ್ನು ನೋಡಲಾರೆ ಅನ್ನಿಸಿತು. ಇನ್ನೊಂದು ದಿನ ಹೇಳಿದರಾಯಿತು, ಈಗಲೇ ನೊಂದಿದ್ದಾರೆ, ಇನ್ನೂ ಯಾಕೆ ನೋಯಿಸಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥಾ ಚೆಂದದ ನೆಪ ನೋಡಿ! ಕಾಲಿಗೆ ನಮಸ್ಕಾರ ಮಾಡಿ, ಕವರನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಕೆಲಸ ಸಿಕ್ಕಿತು. ಈಗಲೂ ಅದೇ ಕೆಲಸ, ದಿನಾ ಶೆಟ್ಟಿಹಳ್ಳಿಯಿಂದ ಕುಣಿಗಲ್‌ಗೆ ಬಸ್ಸು.

ಆಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ನಾನು ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲ ಇವತ್ತು ಹೇಳುತ್ತೇನೆ ಅಂತ ಹೋಗುವುದು, ಹೋಳಿಗೆ ತಿಂದು ವಾಪಸ್ಸು ಬರುವುದು. ಅವರು ಕಲ್ಲಿನ ಮಾತನ್ನೇ ಎತ್ತುತ್ತಿರಲಿಲ್ಲ. ನಾನೇ ಏನಾದರೂ ಕೇಳಿದರೆ ಅದೆಲ್ಲ ನನಗೆ ಮರೆತುಹೋಯ್ತಮ್ಮ ಅನ್ನುತ್ತಿದ್ದರು. ಗುಡ್ಡ ಹತ್ತುತ್ತಿದ್ದ ಮನುಷ್ಯ ಗೇಟಿನವರೆಗೂ ಬರುತ್ತಿರಲಿಲ್ಲ. ಕೂತ ಕುರ್ಚಿಯಲ್ಲೇ ಸಣ್ಣಗಾಗುತ್ತಾ ಹೋದರು... ಕಾಯಿಲೆ ಏನು ಅಂತ ಡಾಕ್ಟರಿಗೂ ಸರಿಯಾಗಿ ಹೇಳಲಾಗಲಿಲ್ಲ.

ತೀರಿಕೊಂಡ ಹದಿಮೂರು ದಿನದ ಮೇಲೆ ಅವರ ಹೆಂಡತಿಯನ್ನು ನೋಟುಬುಕ್ಕುಗಳ ವಿಷಯ ಕೇಳಿದೆ. ಇಪ್ಪತ್ತು ವರ್ಷದ ಅಳತೆ, ಅದಾದರೂ ಉಳಿಯಲಿ, ನಾನೇ ಯಾರಿಗಾದರೂ ಬರೆದು ತಿಳಿಸೋಣ ಅಂತ ಧೈರ್ಯ ಮಾಡಿದ್ದೆ. ಆಕೆ ಬಚ್ಚಲ ಕಡೆ ನೋಡಿದರು. ಕೊರೆಸಿದ ವರ್ಷವೇ ಅವನ್ನೆಲ್ಲ ಒಂದೊಂದಾಗಿ ಹಂಡೆ ಒಲೆಗೆ ಹಾಕಿಬಿಟ್ಟರು ಅಂದರು. "ಬೇಡ ಅಂದ್ರೂ ಕೇಳ್ಲಿಲ್ಲ ಕಣಮ್ಮ. ನೀರಾದ್ರೂ ಕಾಯ್ಲಿ ಬಿಡು ಅಂದ್ರು." ನಾನು ಆ ದಿನವೂ ಬಾಯಿ ಬಿಡಲಿಲ್ಲ.

ಬೀದಿಗೆ ಲಾರಿ ಬಂದ ಆ ವಾರವೇ, ಭಾನುವಾರ, ನಾನು ಆ ಊರಿಗೆ ಹೋದೆ. ಯಾಕೆ ಹೋದೆ ಅಂದರೆ ಹೇಳಲು ಬರುವುದಿಲ್ಲ. ಸುಮ್ಮನೆ ಕಾಲು ಎಳೆಯಿತು. ಗೋಮಾಳದ ಅಂಚಿನಲ್ಲಿ ಯಾರದೋ ಹೊಸ ತೆಂಗಿನ ತೋಟ ಎದ್ದಿತ್ತು. ಅದರ ಮೂಲೆಯಲ್ಲಿ ಸಿಮೆಂಟ್ ತೊಟ್ಟಿ, ತೊಟ್ಟಿಗೆ ಮೋಟಾರಿನ ಪೈಪು. ಪಕ್ಕದ ಕಲ್ಲಿನ ಮೇಲೆ ಕೂತು ಅಜ್ಜಿಯೊಬ್ಬರು ಕಾಲು ತಿಕ್ಕಿಕೊಳ್ಳುತ್ತಿದ್ದರು. ಅಂದು ತೆಂಗಿನಕಾಯಿ ಒಡೆದಿದ್ದ ಅಜ್ಜಿಯೇ. ಕೈ ಅಡ್ಡ ಹಿಡಿದು ನನ್ನನ್ನು ನೋಡಿ ಗುರುತು ಹಿಡಿದರು.

"ನೀನು ಆ ಕನ್ನಡಕದ ಮೇಷ್ಟ್ರ ಜೊತೆ ಬಂದಿದ್ದ ಹುಡ್ಗಿ ಅಲ್ವೇನವ್ವ? ಎಲ್ಲಿ, ಅವ್ರು ಬಂದಿಲ್ವಾ?"

"ಇಲ್ಲ ಅಜ್ಜಿ. ತೀರ್ಕೊಂಡ್ರು. ನಾಲ್ಕು ವರ್ಷ ಆಯ್ತು."

"ಅಯ್ಯೋ ಶಿವನೇ... ಅವ್ರು ಹೇಳ್ದಂಗೇ ಬಂತಲ್ಲವ್ವ ನೀರು! ನನ್ ಮಗ ಎರಡ್ ವರ್ಸದ ಹಿಂದೆ ತೋಟಕ್ಕೆ ಅಂತ ಕೊರ್ಸಿದ. ಮುಟ್ ನೋಡು, ಮುಟ್ಟು."

ನಾನು ಮುಟ್ಟಿದೆ. ಪೈಪಿನ ಬಾಯಿಯಲ್ಲೇ ಕೈ ಹಿಡಿದೆ. ನೀರು ಬೆಚ್ಚಗಿತ್ತು. ಬಿಸಿಲಿನ ಬೆಚ್ಚಗಲ್ಲ, ಬೆಳಗ್ಗೆ ಒಂಬತ್ತೂ ಆಗಿರಲಿಲ್ಲ, ತೋಟದೊಳಗೆ ನೆರಳು ನೆರಳು. ಮಗುವಿನ ಸ್ನಾನಕ್ಕೆ ಹದ ಮಾಡಿಟ್ಟ ಹಾಗಿತ್ತು. ಅಜ್ಜಿ ಮಾತಾಡುತ್ತಲೇ ಇದ್ದರು. ಈ ನೀರು ಹಂಗೇ ಬಿಟ್ಟರೆ ಎಳೆ ಸಸಿ ಬಾಡುತ್ತವಂತೆ, ಅದಕ್ಕೆ ತೊಟ್ಟಿಯಲ್ಲಿ ಆರಿಸಿ ಬಿಡುತ್ತಾರಂತೆ. ಬಾಣಂತಿಯರ ಮನೆಯವರು ಬಂದು ಕೊಡಪಾನದಲ್ಲಿ ಹೊತ್ತುಕೊಂಡು ಹೋಗುತ್ತಾರಂತೆ, ಸೌದೆ ಉಳಿಯಿತಂತೆ. ನಮ್ಮ ತೂತಿನ ಬಾಯಿಗೆ ಯಾರೋ ಕಲ್ಲು ಚಪ್ಪಡಿ ಮುಚ್ಚಿದ್ದರು. ಅಲ್ಲಿಂದ ತೊಟ್ಟಿಯವರೆಗೆ ಹೆಜ್ಜೆ ಹಾಕಿದೆ. ಎಪ್ಪತ್ತೆರಡು. ಎಂಟು ಡಿಗ್ರಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಮೇಷ್ಟ್ರ ಮಾತು ಒಂದಕ್ಷರ ಸುಳ್ಳಾಗಿರಲಿಲ್ಲ. ಆದರೆ ಈ ನೀರಿನ ಜೊತೆ ಹೋಲಿಸಿ ನೋಡಲು ಇಪ್ಪತ್ತು ವರ್ಷದ ಅಳತೆಯಲ್ಲಿ ಒಂದು ಹಾಳೆಯೂ ಉಳಿದಿಲ್ಲ, ವಿಭಾಗ ಉಳಿದಿಲ್ಲ, ಆ ಬೀರುವಿನ ಕಲ್ಲುಗಳೂ ಎಲ್ಲಿ ಹೋದವೋ ಗೊತ್ತಿಲ್ಲ.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಹೂ ಕಟ್ಟುತ್ತಾ ಕೂತಿದ್ದರು, ಮಗಳು ಒಳಗೆ ಅಡಿಗೆ ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಕೂತರೆ ಮತ್ತೆ ಹೇಳಲಾಗುವುದಿಲ್ಲ ಅನ್ನಿಸಿತು. ದಾರ ಕಟ್ಟದೆ ಇದ್ದದ್ದು, ಸುಳ್ಳು ಹೇಳಿದ್ದು, ಆಮೇಲೆ ಗೊತ್ತಾದದ್ದು, ಗೊತ್ತಾದರೂ ಕಾಗದ ಇಸಿದುಕೊಂಡು ಹೋದದ್ದು, ಇವತ್ತು ನೋಡಿಕೊಂಡು ಬಂದದ್ದು. ಅವರು ಬೈಯಲಿ, ಮನೆಯಿಂದ ಆಚೆ ನಡಿ ಅನ್ನಲಿ ಅಂತ ಕಾದೆ. ಆಕೆ ಹೂವನ್ನು ತಟ್ಟೆಗೆ ಹಾಕಿದರು.

"ಅವ್ರಿಗೆ ಯಾಕಮ್ಮ ಹೇಳ್ಲಿಲ್ಲ?" ಅಂದರು.

"ಬೈತಾರೆ ಅಂತ ಭಯ ಆಯ್ತು ಅಮ್ಮ."

"ಬೈತಿದ್ರು. ಚೆನ್ನಾಗೇ ಬೈತಿದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಒಂದ್ ವಾರ ನಿನ್ ಮುಖ ನೋಡ್ತಿರ್ಲಿಲ್ಲ. ಎಂಟನೇ ದಿನ ಬೆಳಗ್ಗೆ ಎದ್ದು, ಬ್ಯಾಗ್ ಹಾಕ್ಕೊಂಡು, ನಿನ್ನೇ ಕರ್ಕೊಂಡು, ಮತ್ತೆ ಆ ಗುಡ್ಡಕ್ಕೆ ಹೊರಟುಬಿಡ್ತಿದ್ರು ಕಣಮ್ಮ. ಅವ್ರು ಕೂತಿದ್ದು ನೀರು ಬರ್ಲಿಲ್ಲ ಅಂತ ಅಲ್ಲ. ನಂಗೆ ಕಲ್ಲು ಓದೋಕೇ ಬರಲ್ಲ ಅಂತ ಕೂತ್ಬಿಟ್ರು."

ಮತ್ತೆ ಹೂವಿನ ತಟ್ಟೆ ಎಳೆದುಕೊಂಡರು. ನನ್ನನ್ನು ಕೂರು ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ನಾನು ಬಾಗಿಲ ಹತ್ತಿರ ಚಪ್ಪಲಿ ಹುಡುಕಿಕೊಂಡು ಹಾಕಿಕೊಂಡೆ. ಒಂದು ವಾರದ ಬೈಗುಳ. ನಾನು ಅಷ್ಟಕ್ಕೆ ಹೆದರಿದ್ದೆ, ಮೇಷ್ಟ್ರು ಅದಕ್ಕೆ ತಮ್ಮ ಕೊನೆಯ ನಾಲ್ಕು ವರ್ಷ ಕೊಟ್ಟರು.